ಅಂಬಾಸಿಡರಿನ ಹೊಸ ಪೆಟ್ರೋಲ್ ಟ್ಯಾಂಕಿಗೆ ಒಳಲೇಪನ: ಪೋರ್-15 ಕಿಟ್ ಬಳಸಿ ನೋಡಿದ ಮೇಲೆ

ಹಳೆಯ ಕಾರಿಗೆ ಹೊಸದಾಗಿ ತಂದ ಪೆಟ್ರೋಲ್ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯದಂತೆ ಕಾಪಾಡಲು ಸಿಗುವ ಲೇಪನಗಳಲ್ಲಿ ಅಮೆರಿಕದ ಪೋರ್-15 ಕಂಪನಿಯ ಕಿಟ್ ಹೆಸರುವಾಸಿಯಾದದ್ದು. ಮಂಡ್ಯದ ನಮ್ಮ ಮನೆಯಲ್ಲಿರುವ ಅಂಬಾಸಿಡರ್ ಮಾರ್ಕ್-3 ಕಾರಿನ ಬದಲಿ ಟ್ಯಾಂಕಿಗೆ ಈ ಕಿಟ್ ಬಳಸಿ, ಒಂದು ಪೂರ್ತಿ ಮಳೆಗಾಲ ಕಾರು ಓಡಿಸಿ, ಬಳಿಕ ಟ್ಯಾಂಕಿನ ಒಳಗನ್ನು ಮತ್ತೊಮ್ಮೆ ತೆರೆದು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲೇಪನ ಒಳ್ಳೆಯದು, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಹೊಸ ಟ್ಯಾಂಕಿನ ಮಟ್ಟಿಗೆ ಆ ಲೇಪನದ ಆಯುಷ್ಯವೆಲ್ಲ ನಿಂತಿರುವುದು ಕಿಟ್‌ನ ಮೂರನೆಯ ಡಬ್ಬಿಯ, ಅಂದರೆ ಲೇಪನದ ಡಬ್ಬಿಯ, ಮುಚ್ಚಳ ತೆರೆಯುವ ಮೊದಲು ಮಾಡುವ ತಯಾರಿಯ ಮೇಲೆ. ಜೊತೆಗೆ ಟ್ಯಾಂಕಿನ ಹೊರಮೈಗೆ ಈ ಕಿಟ್‌ನಲ್ಲಿ ಏನೂ ಇಲ್ಲವಾದ್ದರಿಂದ ಅದನ್ನು ನಾವು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿರುವ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿತು. ಆಮೇಲೆ ಕಂಪನಿಯ ಮೂಲ ಟ್ಯಾಂಕು ಸಿಗುವುದು ಅಪರೂಪವಾಗಿದ್ದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಮೈಸೂರಿನ ಬಿಡಿಭಾಗದ ಅಂಗಡಿಗಳಲ್ಲಾಗಲಿ ಈಗ ಕಾಣುವುದು ಹೆಚ್ಚಾಗಿ ಹೊರಗಿನವರು ಅದೇ ಅಳತೆಗೆ ಒತ್ತಿ ಬೆಸೆದ ಟ್ಯಾಂಕುಗಳು. ಹಿಂದಿನ ಕಾಲದಲ್ಲಿ ಕಾರು ತಯಾರಕರು ಟ್ಯಾಂಕಿಗೆ ಸಾಮಾನ್ಯವಾಗಿ ಟರ್ನ್ ತಗಡನ್ನು, ಅಂದರೆ ಸೀಸ ಮತ್ತು ತವರದ ಮಿಶ್ರಣವನ್ನು ಲೇಪಿಸಿದ ಉಕ್ಕಿನ ತಗಡನ್ನು ಬಳಸುತ್ತಿದ್ದರು. ಆ ತೆಳುವಾದ ಪದರವೇ ಎಷ್ಟೋ ಕಾರುಗಳ ಟ್ಯಾಂಕನ್ನು ದಶಕಗಳ ಕಾಲ ಉಳಿಸಿಕೊಂಡು ಬಂದದ್ದು. ಬದಲಿ ಟ್ಯಾಂಕುಗಳಲ್ಲಿ ಅನೇಕವು ಬರಿಯ ಮೆದು ಉಕ್ಕಿನವು. ಹೊರಗೆ ಮಿರಿಮಿರಿ ಕಪ್ಪು ಬಣ್ಣ ಹೊಡೆದಿರುತ್ತಾರೆ, ಒಳಗೆ ತಗಡು ಬೋಳಾಗಿರುತ್ತದೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಹೊರಮೈ ಮಾತ್ರ.

ನಾನು ತಂದ ಟ್ಯಾಂಕೂ ಅಂಥದ್ದೇ. ಪೆಟ್ರೋಲಿನ ಮಟ್ಟ ತೋರಿಸುವ ಗೇಜಿನ ಫ್ಲೋಟ್ ಕೂರುವ ದುಂಡನೆಯ ರಂಧ್ರದಿಂದ ಸಣ್ಣ ಎಲ್‌ಇಡಿ ಟಾರ್ಚನ್ನೂ ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನೂ ಒಳಗೆ ಇಳಿಸಿ ನೋಡಿದಾಗ, ಮಟ್ಟಸವಾದ ಜಾಗದಲ್ಲೆಲ್ಲ ತಗಡು ಬೂದುಬಣ್ಣವಾಗಿ, ಎಣ್ಣೆಯ ತೆಳುವಾದ ಪಸೆಯಿಂದ ಮಂಕಾಗಿ ಕಾಣುತ್ತಿತ್ತು. ಆದರೆ ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಸೇರಿಸಿದ ಬೆಸುಗೆಯ ಸಾಲಿನಲ್ಲಿ, ಬಿಸಿಗೆ ಎಣ್ಣೆ ಸುಟ್ಟುಹೋದ ಕಡೆ, ಅರಿಶಿನ ಬಣ್ಣದ ಸಣ್ಣ ಗೆರೆ ಆಗಲೇ ಎದ್ದಿತ್ತು. ಪೆಟ್ರೋಲು ತುಳುಕದಂತೆ ಒಳಗೆ ಅಡ್ಡಲಾಗಿ ಹಾಕಿರುವ ತಡೆತಗಡುಗಳ ಬುಡದಲ್ಲೂ ಅದೇ ಬಣ್ಣ. ಇನ್ನೂ ಒಂದು ಹನಿ ಪೆಟ್ರೋಲು ಕಾಣದ, ಅಂಗಡಿಯ ಅಟ್ಟದ ಮೇಲಷ್ಟೇ ಇದ್ದ ಟ್ಯಾಂಕು ಅದು. ಬದಲಿ ಟ್ಯಾಂಕು ಕೊಳ್ಳುವವರು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಲಿ ಎಂದು ಒತ್ತಿ ಹೇಳುತ್ತೇನೆ. ಬೆಸುಗೆಯ ಸಾಲಿನಲ್ಲಿ ಹಳದಿ ಗೆರೆ ಇದ್ದ ಮಾತ್ರಕ್ಕೆ ಟ್ಯಾಂಕನ್ನು ಬಿಡಬೇಕಾಗಿಲ್ಲ. ಆದರೆ ಪದರ ಪದರವಾಗಿ ಏಳುವ ತುಕ್ಕೋ, ಗುಳಿಬಿದ್ದ ತಗಡೋ ಕಂಡರೆ ಅದನ್ನು ಹಿಂದಕ್ಕೆ ಕೊಡುವುದೇ ಸರಿ.

ತುಕ್ಕು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳದೆ ಲೇಪನದ ಬೆಲೆ ಗೊತ್ತಾಗುವುದಿಲ್ಲ. ಹಳೆಯ ಕಾರುಗಳಲ್ಲಿ ಟ್ಯಾಂಕಿನ ಒಳಗು ಹೊರಗಿನ ಗಾಳಿಗೆ ತೆರೆದೇ ಇರುತ್ತದೆ, ಏಕೆಂದರೆ ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಬರಲೇಬೇಕು. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಬೀಳುತ್ತದೆ, ರಾತ್ರಿ ತಗಡು ತಣ್ಣಗಾದಾಗ ತೇವದ ಗಾಳಿ ಒಳಗೆ ಸೇರುತ್ತದೆ, ಆ ತೇವ ಬೋಳು ತಗಡಿನ ಮೇಲೆ ಹನಿಗಟ್ಟುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲಿನ ನಡುವೆ ಇರುವ ನಮ್ಮಂಥ ಊರುಗಳಲ್ಲಿ ಈ ಉಸಿರಾಟ ಇನ್ನೂ ಹೆಚ್ಚು ನೀರನ್ನು ತರುತ್ತದೆ. ಟ್ಯಾಂಕು ತುಂಬಿದ್ದರೆ ಗಾಳಿಗೆ ಜಾಗವಿಲ್ಲ. ಮುಕ್ಕಾಲು ಖಾಲಿ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿಗೇ ಇದು ಕುತ್ತು, ಮತ್ತು ನಮ್ಮಲ್ಲಿ ಹಳೆಯ ಕಾರುಗಳಲ್ಲಿ ಬಹುಪಾಲು ನಿಲ್ಲುವುದು ಹಾಗೆಯೇ.

ಇದರ ಜೊತೆಗೆ ಎಥನಾಲ್ ಬಂದಿದೆ. ಕಬ್ಬಿನ ನಾಡಾದ ಮಂಡ್ಯದಲ್ಲಿ, 1933ರಿಂದ ಮೈಷುಗರ್ ಕಾರ್ಖಾನೆಯನ್ನು ಕಂಡವರಿಗೆ, ಕಾಕಂಬಿಯಿಂದ ಮದ್ಯಸಾರ ತೆಗೆಯುವುದು ಹೊಸ ಸಂಗತಿಯೇನಲ್ಲ. ಆ ಮದ್ಯಸಾರ ನಮ್ಮ ಕಾರಿನ ಟ್ಯಾಂಕಿಗೆ ಬಂದದ್ದು ಮಾತ್ರ ಈಚೆಗೆ. 2022ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು, 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇ. 20 ಬೆರಕೆಯ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಶೇ. 10 ಬೆರಕೆಯ ಪೆಟ್ರೋಲು ಸಾಮಾನ್ಯ ಉಷ್ಣತೆಯಲ್ಲಿ ತನ್ನ ಗಾತ್ರದ ಸುಮಾರು ಶೇ. 0.5ರಷ್ಟು ನೀರನ್ನು ಕರಗಿಸಿಟ್ಟುಕೊಳ್ಳಬಲ್ಲದು. ಅಂಬಾಸಿಡರಿನ 54 ಲೀಟರ್ ಟ್ಯಾಂಕಿನ ಲೆಕ್ಕದಲ್ಲಿ ಅದು 270 ಮಿಲಿಲೀಟರ್ ನೀರಾಯಿತು. ಇ20ರಲ್ಲಿ ಇದಕ್ಕೂ ಹೆಚ್ಚು ನೀರು ಕರಗುತ್ತದೆ. ಆ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಆ ಪದರ ಮುಟ್ಟಿದ ಬೋಳು ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಸತುವಿನ ಲೇಪನವಿರುವ ಟ್ಯಾಂಕು ಕೊಂಡರೆ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಸತುವೂ ನಿಧಾನವಾಗಿ ಕರಗಿ ಬಿಳಿಯ ಪುಡಿಯಾಗುತ್ತದೆ, ಆ ಪುಡಿ ಕಾರ್ಬುರೇಟರಿನ ಜೆಟ್ಟಿಗೆ ಹೋಗಿ ಕೂರುತ್ತದೆ.

ಎಥನಾಲಿನ ಬಗ್ಗೆ ಹರಡಿರುವ ಭಯದಲ್ಲಿ ಸ್ವಲ್ಪ ಅತಿಯೂ ಇದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ವಾರ ವಾರ ಓಡಿ, ಆಗಾಗ ಟ್ಯಾಂಕು ತುಂಬಿಸಿಕೊಳ್ಳುವ ಕಾರಿನಲ್ಲಿ ಪೆಟ್ರೋಲು ನೀರು ಹೀರಿ ಬೇರ್ಪಡುವಷ್ಟು ಕಾಲ ಒಳಗೆ ನಿಲ್ಲುವುದೇ ಇಲ್ಲ. ಅಂಥ ಕಾರಿನ ಯಜಮಾನರು ಈ ಕಿಟ್‌ಗೆ ಹಣ ಹಾಕುವ ಮೊದಲು ಪೆಟ್ರೋಲಿನ ಪೈಪು, ಪಂಪಿನ ಪೊರೆ, ಪ್ಯಾಕಿಂಗುಗಳನ್ನು ಬದಲಿಸಿಕೊಳ್ಳುವುದು ಹೆಚ್ಚು ಲಾಭದ ಕೆಲಸ.

ಟ್ಯಾಂಕು ಸೋರುವುದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಮೊದಲು ಅದನ್ನು ಮೈಸೂರಿನ ಬನ್ನಿಮಂಟಪದ ಕಡೆ ರೇಡಿಯೇಟರ್ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಒಯ್ದಿದ್ದೆ. ಈ ಭಾಗದಲ್ಲಿ ಟ್ಯಾಂಕಿನ ಕೆಲಸ ಬಲ್ಲವರು ಇವತ್ತಿಗೂ ರೇಡಿಯೇಟರಿನವರೇ. "ಹೊಸ ಟ್ಯಾಂಕಲ್ವಾ ಸಾರ್, ಇದಕ್ಯಾಕೆ ಇಷ್ಟೊಂದು ಉಪಚಾರ? ಹಾಕ್ಬುಟ್ಟು ಓಡ್ಸಿ" ಎಂದರು. ಟಾರ್ಚ್ ಕೊಟ್ಟು ಒಳಗೆ ನೋಡಿ ಮೇಸ್ತ್ರಿ ಎಂದೆ. ಅವರು ನೋಡಿದರು, ಬಟ್ಟೆ ಸುತ್ತಿದ ತಂತಿಯನ್ನು ಬೆಸುಗೆಯ ಸಾಲಿಗೆ ತಾಗಿಸಿ ಹೊರಗೆ ಎಳೆದು, ಬಟ್ಟೆಗೆ ಹತ್ತಿದ ಹಳದಿಯನ್ನು ಬೆರಳಿನಿಂದ ಉಜ್ಜಿದರು. "ಆಗ್ಲೇ ಶುರುವಾಗ್ಬುಟ್ಟೈತಲ್ಲ ಸಾರ್ ಇದು. ಸರಿ, ಮಾಡ್ಸೋದಾದ್ರೆ ಈಗ್ಲೇ ಮಾಡ್ಸಿ, ಪೆಟ್ರೋಲ್ ಬಿದ್ಮೇಲೆ ಎರಡ್ರಷ್ಟು ಕೆಲ್ಸ."

ಅವರ ಕೆಲಸದ ರೀತಿಯನ್ನು ನಾನು ಮೆಚ್ಚಿದ್ದೇನೆ. ಎಲ್ಲ ರಂಧ್ರಗಳನ್ನೂ ರಬ್ಬರಿನಿಂದ ಬಿಗಿದು, ಟ್ಯಾಂಕನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಕಂಪ್ರೆಸರ್ ಬಳಸದೆ ಸೈಕಲ್ ಪಂಪಿನಿಂದ ಹದವಾಗಿ ಗಾಳಿ ಕೊಟ್ಟರು. ತೆಳು ತಗಡಿನ ಟ್ಯಾಂಕಿಗೆ ಕಂಪ್ರೆಸರಿನ ಒತ್ತಡ ಬಿಟ್ಟರೆ ಅದು ಉಬ್ಬಿ ಆಕಾರ ಕೆಡುತ್ತದೆ. ಪೆಟ್ರೋಲು ತುಂಬುವ ಕೊಳವೆ ಟ್ಯಾಂಕಿಗೆ ಸೇರುವಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅಲ್ಲಿ ಸೀಸದ ಬೆಸುಗೆ ಹಾಕಿ ಮುಚ್ಚಿಕೊಟ್ಟರು. ಈ ಕೆಲಸ ಲೇಪನಕ್ಕೆ ಮೊದಲೇ ಆಗಬೇಕಾದದ್ದು, ಏಕೆಂದರೆ ಲೇಪನವಾದ ಮೇಲೆ ಬೆಸುಗೆ ಹಾಕಿದರೆ ಆ ಬಿಸಿಗೆ ಒಳಗಿನ ಪೊರೆ ಸುಟ್ಟುಹೋಗುತ್ತದೆ. ಬೆಸುಗೆಗೆ ಬಳಸಿದ ಆಮ್ಲದ ಫ್ಲಕ್ಸ್ ಒಳಗೆ ಉಳಿದರೆ ಅದೇ ತುಕ್ಕಿಗೆ ಬೀಜವಾಗುವುದರಿಂದ ಆ ಜಾಗವನ್ನು ಚೆನ್ನಾಗಿ ತೊಳೆಯುವುದೂ ಅಷ್ಟೇ ಮುಖ್ಯ. ಹೀಗೆ ಗಾಳಿ ಕೊಟ್ಟು ನೋಡದೆ ಟ್ಯಾಂಕನ್ನು ಕಾರಿಗೆ ಕೂರಿಸಿದ್ದರೆ ಡಿಕ್ಕಿಯಲ್ಲಿ ಪೆಟ್ರೋಲಿನ ವಾಸನೆ ಬರುತ್ತಿತ್ತು, ಕಾರಣ ಹುಡುಕುವುದಕ್ಕೇ ಬಹಳ ಕಾಲ ಹಿಡಿಯುತ್ತಿತ್ತು.

ಇನ್ನು ಕಿಟ್‌ನ ವಿಷಯ. ಕಾರುಗಳಿಗೆಂದು ಬರುವ ಈ ಕಿಟ್‌ನಲ್ಲಿ ಮೂರು ವಸ್ತುಗಳಿವೆ: ಜಿಡ್ಡು ತೆಗೆಯುವ ಕ್ಲೀನರ್, ಮೆಟಲ್ ಪ್ರೆಪ್ ಎಂಬ ಫಾಸ್ಫಾರಿಕ್ ಆಮ್ಲದ ದ್ರಾವಣ, ಮತ್ತು ಒಂದು ಕ್ವಾರ್ಟ್, ಅಂದರೆ ಸುಮಾರು 946 ಮಿಲಿಲೀಟರ್, ಬೆಳ್ಳಿಬಣ್ಣದ ಲೇಪನ. ಬೈಕಿನ ಟ್ಯಾಂಕಿಗೆ ಇದೇ ಕಿಟ್‌ನ ಚಿಕ್ಕ ರೂಪ ಸಿಗುತ್ತದೆ. ಹೊರದೇಶದ ಮಾಲಾದ್ದರಿಂದ ಬೆಲೆ ಹೆಚ್ಚು. ನನಗೆ ಟ್ಯಾಂಕಿಗಿಂತ ಕಿಟ್‌ಗೇ ಹೆಚ್ಚು ಖರ್ಚಾಯಿತು. ಇದು ಅನೇಕರನ್ನು ಹಿಂದೆ ಸರಿಸುವ ಸಂಗತಿಯೇ. ಟ್ಯಾಂಕು ಮತ್ತೆ ತೂತಾದರೆ ಇನ್ನೊಂದು ತಂದರಾಯಿತು ಎನ್ನುವವರೂ ಇದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಟ್ಯಾಂಕು ತೂತಾಗುವುದಕ್ಕೆ ಬಹಳ ಮೊದಲೇ ತುಕ್ಕಿನ ಪುಡಿ ಎಸಿ ಪಂಪಿನ, ಅಂದರೆ ಎಂಜಿನ್ನಿಗೆ ಪೆಟ್ರೋಲು ಒದಗಿಸುವ ಪಂಪಿನ, ವಾಲ್ವಿಗೂ ಕಾರ್ಬುರೇಟರಿಗೂ ಇಳಿದು ಎಂಜಿನ್ನನ್ನು ದಾರಿಯ ಮಧ್ಯದಲ್ಲಿ ನಿಲ್ಲಿಸುತ್ತಿರುತ್ತದೆ. ಬದಲಿ ಟ್ಯಾಂಕುಗಳ ಪೂರೈಕೆಯೂ ಎಂದೆಂದಿಗೂ ಹೀಗೆಯೇ ಇರುತ್ತದೆ ಎನ್ನಲಾಗದು.

ಕ್ಲೀನರನ್ನು ಬಿಸಿನೀರಿನೊಂದಿಗೆ ಬೆರೆಸಿ ಟ್ಯಾಂಕಿನೊಳಗೆ ಹಾಕಿ, ಎಲ್ಲ ಮಗ್ಗುಲಿಗೂ ಹೊರಳಿಸುತ್ತ ಜಿಡ್ಡು ಬಿಡಿಸಬೇಕು. ಹಳೆಯ ಟ್ಯಾಂಕಿನವರು ಇದನ್ನು ತುಕ್ಕಿನ ಕೆಸರು ತೆಗೆಯಲು ಬಳಸುತ್ತಾರೆ. ಹೊಸ ಟ್ಯಾಂಕಿನಲ್ಲಿ ಕೊಳೆಯೇ ಇಲ್ಲವಲ್ಲ ಎಂದು ಈ ಹಂತವನ್ನು ಹಾರಿಸುವ ಆಸೆ ಯಾರಿಗಾದರೂ ಬರುತ್ತದೆ. ವಾಸ್ತವದಲ್ಲಿ ಹೊಸ ಟ್ಯಾಂಕಿಗೇ ಇದು ಹೆಚ್ಚು ಅಗತ್ಯ. ತಗಡನ್ನು ಒತ್ತುವಾಗ ಬಳಸಿದ ಎಣ್ಣೆ ಮತ್ತು ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ ಎರಡೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಹಳೆಯ ತಗಡಿನ ತುಕ್ಕಿನ ಗುಳಿಗಳು ಲೇಪನಕ್ಕೆ ಹಿಡಿತ ಕೊಡುತ್ತವೆ. ಹೊಸ ತಗಡು ನುಣುಪಾಗಿದ್ದು, ಅದರ ಮೇಲೆ ಎಣ್ಣೆಯೂ ಇದ್ದರೆ ಲೇಪನ ಹಿಡಿಯುವುದು ಯಾವುದನ್ನು? ಕೆಲವು ಕಾಲ ಅಂಟಿದಂತೆ ಕಂಡು, ಆಮೇಲೆ ಹಾಳೆಯಂತೆ ಎದ್ದು ಬರುತ್ತದೆ. ಹಾಗೆ ಎದ್ದ ಲೇಪನ ತುಕ್ಕಿಗಿಂತ ಕೆಟ್ಟದ್ದು, ಏಕೆಂದರೆ ಅದರ ಚೂರುಗಳು ಪೆಟ್ರೋಲು ಹೀರುವ ಕೊಳವೆಯ ಬಾಯಿಗೇ ಹೋಗಿ ಮೆತ್ತಿಕೊಳ್ಳುತ್ತವೆ.

ಜಿಡ್ಡು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಬಣ್ಣದ ಕೆಲಸದವರು ಬಲ್ಲ ಒಂದು ಸುಲಭ ಪರೀಕ್ಷೆ ಇದೆ. ಶುದ್ಧ ನೀರು ಹಾಕಿ ತೊಳೆದು, ಟಾರ್ಚಿನ ಬೆಳಕಿನಲ್ಲಿ ಒಳಗೋಡೆಯನ್ನು ನೋಡಬೇಕು. ನೀರು ಒಂದೇ ಪೊರೆಯಾಗಿ ಹರಡಿ ನಿಧಾನವಾಗಿ ಇಳಿದರೆ ತಗಡು ಶುದ್ಧವಾಗಿದೆ ಎಂದರ್ಥ. ನೀರು ಒಡೆದು ಹನಿಹನಿಯಾಗಿ, ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿದರೆ ಜಿಡ್ಡು ಇನ್ನೂ ಇದೆ. ನನ್ನ ಟ್ಯಾಂಕಿನಲ್ಲಿ ನಡುವಿನ ಭಾಗ ಬೇಗನೆ ಶುದ್ಧವಾಯಿತು, ತಡೆತಗಡುಗಳ ಹಿಂಬದಿಯಲ್ಲಿ ಮಾತ್ರ ನೀರು ಹನಿಗಟ್ಟುತ್ತಲೇ ಇತ್ತು. ಅಲ್ಲಿಗೆ ಕೈ ಹೋಗುವುದಿಲ್ಲ, ಬ್ರಷ್ ಮುಟ್ಟುವುದಿಲ್ಲ. ದ್ರಾವಣವನ್ನು ಮತ್ತೆ ಬಿಸಿಮಾಡಿ ಹಾಕಿ, ಟ್ಯಾಂಕನ್ನು ಆ ಮಗ್ಗುಲಿಗೇ ಮಲಗಿಸಿ ಬಹಳ ಹೊತ್ತು ಬಿಡಬೇಕಾಯಿತು. ಕಿಟ್‌ನ ಸೂಚನಾಪತ್ರ ಹಳೆಯ ಟ್ಯಾಂಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಹೊಸ ಟ್ಯಾಂಕಿನವರು ಅದರಲ್ಲಿರುವ ಸಮಯಕ್ಕಿಂತ ನೀರಿನ ಈ ಪರೀಕ್ಷೆಯನ್ನೇ ನಂಬುವುದು ಲೇಸು.

ಮೆಟಲ್ ಪ್ರೆಪ್ ದ್ರಾವಣ ಎರಡು ಕೆಲಸ ಮಾಡುತ್ತದೆ. ಉಳಿದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಯಿಸುತ್ತದೆ, ನುಣುಪಾದ ತಗಡನ್ನು ಸ್ವಲ್ಪ ಕೊರೆದು ಅದರ ಮೇಲೆ ಸತುವಿನ ಫಾಸ್ಫೇಟಿನ ತೆಳುವಾದ ಪದರ ಕಟ್ಟುತ್ತದೆ. ಲೇಪನಕ್ಕೆ ಬೇಕಾದ ಹಿಡಿತ ಹೊಸ ತಗಡಿನಲ್ಲಿ ಬರುವುದು ಇದರಿಂದಲೇ. ಸುಮಾರು ಎರಡು ಗಂಟೆಯ ಕಾಲ ಒಳಮೈ ಎಲ್ಲೂ ಒಣಗದಂತೆ ಟ್ಯಾಂಕನ್ನು ಆಗಾಗ ತಿರುಗಿಸುತ್ತಿರಬೇಕು. ಎರಡು ಗಂಟೆಯ ಕೊನೆಗೆ ಬೆಸುಗೆಯ ಸಾಲಿನ ಹಳದಿ ಮಾಯವಾಗಿ, ಒಳಮೈ ಬೂದಿ ಬಳಿದಂತೆ ಮಾಸಲು ಬಣ್ಣಕ್ಕೆ ತಿರುಗಿತ್ತು. ಹೊಳಪು ಹೋಗಿ ಮಾಸಿದಂತೆ ಕಾಣಬೇಕು, ಅದೇ ಸರಿಯಾದ ಗುರುತು. ಬಳಿಕ ನೀರಿನಿಂದ ತೊಳೆದು ಕೂಡಲೇ ಒಣಗಿಸಬೇಕು.

ಒಣಗಿಸುವ ಕೆಲಸ ನಮ್ಮ ಹವೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಇಲ್ಲಿ ಅವಸರ ಮಾಡಿದರೆ ಹಿಂದಿನದೆಲ್ಲ ವ್ಯರ್ಥ. ಈ ಲೇಪನ ಗಾಳಿಯ ತೇವದಿಂದಲೇ ಗಟ್ಟಿಯಾಗುವ ಜಾತಿಯದು. ಹಾಗಾಗಿ ಟ್ಯಾಂಕಿನೊಳಗೆ ನೀರು ಉಳಿದಿದ್ದರೆ ಲೇಪನ ಅಲ್ಲಿ ನೊರೆಯೆದ್ದು ಗುಳ್ಳೆಗಟ್ಟುತ್ತದೆ. ಮೇಲಿನ ಮತ್ತು ಕೆಳಗಿನ ತಗಡು ಒಂದರ ಮೇಲೊಂದು ಕೂರುವ ಬೆಸುಗೆಯ ಅಂಚಿನಲ್ಲಿ ನೀರು ಅಡಗಿ ಕೂರುತ್ತದೆ, ಮೇಲ್ಮೈಯೆಲ್ಲ ಒಣಗಿದ ಮೇಲೂ ಅದು ಹೊರಬರುವುದಿಲ್ಲ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯನ್ನು ಫ್ಲೋಟಿನ ರಂಧ್ರದಿಂದ ಬಿಟ್ಟು, ಟ್ಯಾಂಕನ್ನು ಮಗುಚುತ್ತ, ಹೊರಗೆ ಬಿಸಿಲಿನಲ್ಲಿ ಕಾಯಿಸುತ್ತ ಒಣಗಿಸಿದೆ. ಒಣಗಿತು ಎನಿಸಿದ ಮೇಲೆ ಎಲ್ಲ ರಂಧ್ರಗಳನ್ನೂ ಮುಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒಳಗಿಟ್ಟ ಕನ್ನಡಿಯ ಮೇಲೆ ಮಂಜು ಕೂತಿದೆಯೇ ಎಂದು ನೋಡುವುದು ಒಳ್ಳೆಯ ಉಪಾಯ. ಮಂಡ್ಯ, ಮೈಸೂರಿನ ಕಡೆಯವರಿಗೆ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್‌ ಆರಂಭದವರೆಗಿನ ಒಣ ಕಾಲವೇ ತಕ್ಕದ್ದು. ಜುಲೈ ತಿಂಗಳಿನಲ್ಲಿ ಯಾರೂ ಇದಕ್ಕೆ ಕೈಹಾಕಬಾರದು.

ಇಲ್ಲೊಂದು ಎಚ್ಚರಿಕೆ. ಬಿಸಿಗಾಳಿ ಬಿಡುವ ಈ ಕ್ರಮ ಪೆಟ್ರೋಲು ಕಾಣದ ಟ್ಯಾಂಕಿಗೆ ಮಾತ್ರ. ಒಮ್ಮೆ ಪೆಟ್ರೋಲು ತುಂಬಿದ್ದ ಟ್ಯಾಂಕು ಖಾಲಿಯಾಗಿ ಕಂಡರೂ ಅದರೊಳಗಿನ ಆವಿ ಒಂದು ಕಿಡಿಗೆ ಸಿಡಿಯಬಲ್ಲದು. ಡ್ರೈಯರಿನೊಳಗಿನ ಕಾದ ತಂತಿ ಅಷ್ಟಕ್ಕೆ ಸಾಕು.

ಲೇಪನದ ಡಬ್ಬಿಯನ್ನು ಅಲುಗಾಡಿಸದೆ, ಕೋಲಿನಿಂದ ನಿಧಾನವಾಗಿ ತಿರುವಿ ಬೆರೆಸಬೇಕು. ಅಲುಗಾಡಿಸಿದರೆ ಗಾಳಿಯ ಗುಳ್ಳೆಗಳು ಸೇರಿಕೊಳ್ಳುತ್ತವೆ. ಪೂರ್ತಿ ಡಬ್ಬಿಯನ್ನು ಟ್ಯಾಂಕಿಗೆ ಸುರಿದು, ರಂಧ್ರಗಳನ್ನು ಟೇಪಿನಿಂದ ಮುಚ್ಚಿ, ಒಂದೊಂದು ಮುಖಕ್ಕೂ ಸಮಯ ಕೊಟ್ಟು ಹೊರಳಿಸಬೇಕು. ಲೇಪನ ಜೇನಿಗಿಂತ ತೆಳುವಾಗಿದ್ದು ಬೆಸುಗೆಯ ಸಾಲಿನೊಳಗೆ ಚೆನ್ನಾಗಿ ಇಳಿಯುತ್ತದೆ. ಒಂದು ಮೂಲೆಯೂ ಬಿಡದಂತೆ ಆವರಿಸುವುದರಲ್ಲಿ ನಾನು ನೋಡಿದ ಲೇಪನಗಳಲ್ಲಿ ಇದು ಮುಂದಿದೆ. ಆಮೇಲೆ ಉಳಿದದ್ದನ್ನು ಪೂರ್ತಿ ಬಸಿಯಬೇಕು. ದಪ್ಪಗೆ ಇದ್ದರೆ ಗಟ್ಟಿ ಎಂದುಕೊಂಡು ತಳದಲ್ಲಿ ಮಡುಗಟ್ಟಲು ಬಿಟ್ಟರೆ ಆ ಜಾಗ ಒಳಗೆ ಹಸಿಯಾಗಿಯೇ ಉಳಿದು ಮುಂದೆ ಬಿರುಕು ಬಿಡುತ್ತದೆ. ಬಸಿಯುವಾಗ ಗಮನಿಸಬೇಕಾದ ಜಾಗ ಪೆಟ್ರೋಲು ಹೀರುವ ಕೊಳವೆ. ಅದರ ಬಾಯಿಯಲ್ಲಿ ಒಂದು ಹನಿ ಲೇಪನ ನೇತಾಡುತ್ತ ನಿಂತು ಹಾಗೆಯೇ ಗಟ್ಟಿಯಾದರೆ ದಾರಿ ಮುಚ್ಚಿಹೋಗುತ್ತದೆ. ಕೊಳವೆಯ ಹೊರತುದಿಯಿಂದ ಹದವಾಗಿ ಗಾಳಿ ಊದುತ್ತ, ಲೇಪನ ಬಿಗಿಯುವ ತನಕ ಆಗಾಗ ನೋಡುತ್ತಿರಬೇಕು. ಗಾಳಿಯಾಡುವ ಸಣ್ಣ ಕೊಳವೆಗೂ ಅದೇ ಉಪಚಾರ. ಫ್ಲೋಟನ್ನು ಬಿಗಿಯುವ ತಿರುಪಿನ ರಂಧ್ರಗಳಿಗೆ ಮೊದಲೇ ಗ್ರೀಸ್ ತುಂಬಿಸಿದ ತಿರುಪುಗಳನ್ನು ಹಾಕಿಟ್ಟರೆ ರಂಧ್ರದೊಳಗಿನ ಸುತ್ತುಗೆರೆಗಳಲ್ಲಿ ಲೇಪನ ಕೂರುವುದಿಲ್ಲ.

ಪೆಟ್ರೋಲು ತುಂಬುವ ಮೊದಲು 96 ಗಂಟೆ ಬಿಡಬೇಕೆಂದು ಕಂಪನಿ ಹೇಳುತ್ತದೆ. ನಾನು ಅದಕ್ಕಿಂತ ಹೆಚ್ಚೇ ಕಾದೆ, ಕಾಯುವುದರಿಂದ ನಷ್ಟವಿಲ್ಲ. ಇದರ ಆವಿ ಕಟುವಾದದ್ದು, ಶ್ವಾಸಕ್ಕೆ ಒಳ್ಳೆಯದಲ್ಲ. ಮನೆಯೊಳಗಾಗಲಿ ಬಾಗಿಲು ಮುಚ್ಚಿದ ಶೆಡ್ಡಿನಲ್ಲಾಗಲಿ ಈ ಕೆಲಸ ಮಾಡಕೂಡದು. ಆಸ್ತಮಾ ಇರುವವರು ದೂರವೇ ಇರಲಿ. ಬಣ್ಣದ ಕೆಲಸದವರು ಹಾಕಿಕೊಳ್ಳುವ ಕಾರ್ಟ್ರಿಜ್ ಮಾಸ್ಕ್ ಮತ್ತು ಕೈಗವಸು ಎರಡೂ ಬೇಕು. ಚರ್ಮಕ್ಕೆ ಹತ್ತಿದ್ದನ್ನು ಹಸಿಯಿರುವಾಗಲೇ ಒರೆಸದಿದ್ದರೆ ಆಮೇಲೆ ಯಾವ ತಿನ್ನರಿಗೂ ಅದು ಬಿಡುವುದಿಲ್ಲ, ಚರ್ಮವೇ ಸವೆದು ಹೋಗಬೇಕು. ಒಮ್ಮೆ ತೆರೆದ ಡಬ್ಬಿ ಗಾಳಿಯ ತೇವಕ್ಕೆ ಬಿಗಿದುಕೊಳ್ಳುವುದರಿಂದ ಉಳಿದದ್ದನ್ನು ಇನ್ನೊಂದು ಟ್ಯಾಂಕಿಗೆ ಇಟ್ಟುಕೊಳ್ಳುವ ಲೆಕ್ಕಾಚಾರವೂ ಬೇಡ.

ಕಿಟ್ ಮುಟ್ಟದ ಹೊರಮೈಗೆ ಈಗ ಬರುತ್ತೇನೆ. ಬದಲಿ ಟ್ಯಾಂಕಿನ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ. ನನ್ನದರಲ್ಲಿ ಅದು ಪ್ರೈಮರ್ ಇಲ್ಲದೆ ನೇರ ಎಣ್ಣೆಯ ತಗಡಿನ ಮೇಲೆ ಹೊಡೆದದ್ದಾಗಿತ್ತು, ಚಕ್ಕೆ ಚಕ್ಕೆಯಾಗಿ ಎದ್ದಿತು. ಅದನ್ನೆಲ್ಲ ತೆಗೆಸಿ, ತಗಡನ್ನು ಉಜ್ಜಿಸಿ, ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಸಿ, ಮೇಲೆ ಚಾಸಿಸ್ ಕಪ್ಪು ಹೊಡೆಸಿದೆ. ಮೈಸೂರಿನ ಯಾವ ಟಿಂಕರಿಂಗ್, ಪೇಂಟಿಂಗ್ ಶೆಡ್ಡಿನಲ್ಲೂ ಈ ಕೆಲಸ ಆಗುತ್ತದೆ, ಖರ್ಚೂ ಹೆಚ್ಚಲ್ಲ. ರೆಡ್ ಆಕ್ಸೈಡ್ ಸಾಕು ಎಂದು ಅಲ್ಲಿ ಹೇಳುವುದುಂಟು. ಕಿಟಕಿಯ ಸರಳಿಗೆ ಅದು ಸಾಕು. ತುಂಬುವಾಗ ಪೆಟ್ರೋಲು ಚೆಲ್ಲುವ, ಕೆಳಗಿನಿಂದ ಕೆಸರು ಎರಚುವ ಟ್ಯಾಂಕಿಗೆ ಎಪಾಕ್ಸಿಯೇ ಬೇಕು.

ಹೊರಗೆ ಟ್ಯಾಂಕು ಕೆಡುವುದು ಬಯಲಿನಲ್ಲಲ್ಲ, ಮರೆಯಲ್ಲಿ. ಟ್ಯಾಂಕು ಬಾಡಿಗೆ ಒರಗುವ ಜಾಗ, ಬಿಗಿಯುವ ಅಂಚು, ಬೋಲ್ಟುಗಳ ಸುತ್ತ, ಸದ್ದು ಬಾರದಿರಲೆಂದು ಇಡುವ ಫೆಲ್ಟಿನ ಅಡಿ, ಇವೇ ತುಕ್ಕಿನ ತವರು. ನನ್ನ ಹಳೆಯ ಟ್ಯಾಂಕನ್ನು ಇಳಿಸಿದಾಗ ತಳದ ಬಯಲಿನಲ್ಲಿ ತಗಡು ಇನ್ನೂ ಗಟ್ಟಿಯಾಗಿಯೇ ಇತ್ತು. ಫೆಲ್ಟ್ ಕೂತಿದ್ದ ಪಟ್ಟಿಯಗಲ ಮಾತ್ರ ಹಪ್ಪಳದಂತಾಗಿ, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮಳೆನೀರನ್ನು ಹೀರಿದ ಫೆಲ್ಟ್ ವಾರಗಟ್ಟಲೆ ಒಣಗುವುದಿಲ್ಲ. ಅದರ ಬದಲಿಗೆ ನೀರು ಹೀರದ ರಬ್ಬರ್ ಪಟ್ಟಿಯನ್ನು ಹಾಕಿ, ಅದು ಕೂರುವ ಜಾಗಕ್ಕೆ ಎಪಾಕ್ಸಿಯ ಇನ್ನೊಂದು ಕೈ ಹೊಡೆಸಿ, ಬಿಗಿಯುವ ಮೊದಲು ಮೇಣದ ಲೇಪ ಬಳಿದಿದ್ದೇನೆ. ಇಡೀ ಟ್ಯಾಂಕಿಗೆ ಡಾಂಬರಿನಂಥ ಅಂಡರ್ ಕೋಟಿಂಗ್ ದಪ್ಪಗೆ ಬಳಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಒಂದು ಕಡೆ ಬಿರುಕು ಬಿಟ್ಟರೂ ನೀರು ಒಳಸೇರಿ ಹೊರಬರಲಾಗದೆ ಉಳಿಯುತ್ತದೆ, ಒಳಗೆ ನಡೆಯುವುದು ಕಣ್ಣಿಗೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕಬ್ಬಿನ ಗಾಡಿಗಳು ಓಡಾಡುವ ಹಳ್ಳಿಯ ರಸ್ತೆಯಿಂದ ಬಂದ ಮೇಲೆ ಟ್ಯಾಂಕಿನ ಮೇಲಂಚಿಗೆ ಕೂತ ಕೆಸರನ್ನು ಪೈಪಿನ ನೀರಿನಿಂದ ತೊಳೆದುಬಿಟ್ಟರೆ ಅಂಡರ್ ಕೋಟಿಂಗಿಗಿಂತ ಹೆಚ್ಚು ಪ್ರಯೋಜನ.

ಫಲಿತಾಂಶ ಹೀಗಿದೆ. ಮಳೆಗಾಲ ಕಳೆದ ಮೇಲೆ ಫ್ಲೋಟನ್ನು ಬಿಚ್ಚಿ ಅದೇ ಟಾರ್ಚು ಮತ್ತು ಕನ್ನಡಿಯಿಂದ ನೋಡಿದೆ. ಒಳಮೈ ಬೆಳ್ಳಿಬಣ್ಣದಲ್ಲೇ ಇದೆ, ಬೆಸುಗೆಯ ಸಾಲಿನಲ್ಲಿ ಹಳದಿ ಇಲ್ಲ, ಎಲ್ಲೂ ಅಂಚು ಎದ್ದಿಲ್ಲ. ಲೇಪನದ ಹೊಳಪು ಸ್ವಲ್ಪ ಮಂಕಾಗಿದೆ, ಅಷ್ಟೇ. ಪಂಪಿಗೆ ಮೊದಲು ಹಾಕಿರುವ ಪಾರದರ್ಶಕ ಫಿಲ್ಟರಿನಲ್ಲಿ ಹಳೆಯ ಟ್ಯಾಂಕಿದ್ದಾಗ ಕಂದು ಪುಡಿ ಸದಾ ಕಾಣುತ್ತಿತ್ತು, ಈಗ ಶುದ್ಧ ಪೆಟ್ರೋಲು ಮಾತ್ರ ಕಾಣುತ್ತದೆ. ಒಂದು ಮಳೆಗಾಲದ ಸಾಕ್ಷ್ಯ ಇದು. ಅದರಾಚೆಗಿನ ವರ್ಷಗಳ ಬಗ್ಗೆ ಭರವಸೆ ಕೊಡುವಷ್ಟು ಕಾಲ ಇನ್ನೂ ಆಗಿಲ್ಲ.

ಟರ್ನ್ ತಗಡಿನ ಮೂಲ ಟ್ಯಾಂಕು ಇದ್ದು, ಒಳಗೆ ಶುದ್ಧವಾಗಿದ್ದರೆ ಅದನ್ನು ಮುಟ್ಟದಿರಿ. ಒಳಗೆ ಮೊದಲೇ ಯಾವುದೋ ಲೇಪನವಿರುವ ಬದಲಿ ಟ್ಯಾಂಕು ಸಿಕ್ಕರೆ, ಅದರ ಮೇಲೆ ಇದನ್ನು ಹಾಕಬೇಡಿ. ಅಡಿಯ ಪದರ ಎದ್ದರೆ ಮೇಲಿನದೂ ಏಳುತ್ತದೆ. ಬೋಳು ಉಕ್ಕಿನ ಹೊಸ ಟ್ಯಾಂಕು ಇದ್ದು, ಕಾರು ಹೆಚ್ಚು ಕಾಲ ನಿಂತೇ ಇರುತ್ತದೆ ಎನ್ನುವವರಿಗೆ ನಾನು ಈ ಕಿಟ್ ಕೊಳ್ಳಿ ಎಂದೇ ಹೇಳುತ್ತೇನೆ.

ಬದಲಿ ಟ್ಯಾಂಕಿಗೆ ಈಗಾಗಲೇ ಪೆಟ್ರೋಲು ತುಂಬಿ ಓಡಿಸುತ್ತಿರುವವರು ಗಾಬರಿಯಾಗಬೇಕಿಲ್ಲ. ಕಾರು ನಿಲ್ಲಿಸುವಾಗ ಟ್ಯಾಂಕು ತುಂಬಿರಲಿ, ಮುಚ್ಚಳದ ವಾಷರ್ ಹೊಸದಾಗಿರಲಿ, ಟ್ಯಾಂಕಿನ ತಳದಲ್ಲಿ ಬಸಿಯುವ ಪ್ಲಗ್ ಇದ್ದರೆ ಮಳೆಗಾಲ ಮುಗಿದ ಮೇಲೊಮ್ಮೆ ಒಂದಿಷ್ಟು ಪೆಟ್ರೋಲನ್ನು ಗಾಜಿನ ಜಾಡಿಗೆ ಬಿಟ್ಟು ತಳದಲ್ಲಿ ನೀರಿನ ಪದರ ನಿಲ್ಲುತ್ತದೆಯೇ ನೋಡಿ. ಫಿಲ್ಟರಿನಲ್ಲಿ ಕಂದು ಪುಡಿ ಕಾಣಲು ಶುರುವಾದರೆ ಮುಂದಿನ ಫೆಬ್ರವರಿಯಲ್ಲಿ ಟ್ಯಾಂಕನ್ನು ಇಳಿಸಿ, ಪೆಟ್ರೋಲಿನ ಆವಿಯನ್ನು ಸುರಕ್ಷಿತವಾಗಿ ತೆಗೆಯಬಲ್ಲ ರೇಡಿಯೇಟರ್ ಮೇಸ್ತ್ರಿಯ ಬಳಿ ಮೊದಲು ತೊಳೆಸಿ, ಆಮೇಲೆ ಕಿಟ್ ತರಿಸಿ. ಟ್ಯಾಂಕು ಇಳಿಸಿದಾಗಲೇ ಎಥನಾಲ್ ತಡೆಯುವ ಎಸ್‌ಎಇ 30ಆರ್9 ಗುರುತಿನ ರಬ್ಬರ್ ಪೈಪುಗಳನ್ನೂ ಹಾಕಿಸಿಕೊಳ್ಳಿ, ಏಕೆಂದರೆ ಹಳೆಯ ಪೈಪು ಒಳಗೆ ಪುಡಿಯಾಗಿ ಉದುರತೊಡಗಿದರೆ ಟ್ಯಾಂಕಿಗೆ ಎಷ್ಟು ಒಳ್ಳೆಯ ಲೇಪನ ಹಾಕಿಸಿದರೂ ಕಾರ್ಬುರೇಟರಿಗೆ ಕಸ ಹೋಗುವುದು ತಪ್ಪುವುದಿಲ್ಲ.